ಹೊಳೆ ದಾಟಿದ ಹದ

ಮಾರಗಾನಕೊಪ್ಪಲಿನ ಬೋರಲಿಂಗೇಗೌಡನಿಗೆ ಆ ಸುಗ್ಗಿಯಲ್ಲಿ ಒಂದು ಹೊಸ ಚಟ ಅಂಟಿಕೊಂಡಿತು. ಬೆಳಗಿನ ಮೊದಲ ಕೊಪ್ಪರಿಗೆ ಇಳಿಸಿ, ಪಾಕವನ್ನು ಅಚ್ಚಿಗೆ ಸುರಿಸಿ, ಕೈಕಾಲು ತೊಳೆದವನು ಮನೆಗೆ ಹೋಗಿ ರೊಟ್ಟಿ ತಿನ್ನುವ ಬದಲು ನೇರವಾಗಿ ಬೆಲ್ಲದ ಸಂಘದ ಕಟ್ಟಡಕ್ಕೆ ನಡೆದು, ಅಲ್ಲಿ ಗೋಡೆಗೆ ಹಾಕಿದ್ದ ದೊಡ್ಡ ಪರದೆಯ ಮುಂದೆ ನಿಲ್ಲುತ್ತಿದ್ದ. ಪರದೆಯ ಮೇಲೆ ಆಲೆಮನೆಯವರ ಹೆಸರುಗಳು, ಹೆಸರಿನ ಪಕ್ಕದಲ್ಲಿ ಹಸಿರು ಪಟ್ಟೆಗಳು. ಎಲ್ಲಕ್ಕಿಂತ ಉದ್ದದ ಪಟ್ಟೆ ಸಂಗನಪುರದ ದ್ಯಾವೇಗೌಡನದು. ದ್ಯಾವೇಗೌಡನೆಂದರೆ ಬೋರಲಿಂಗೇಗೌಡನ ಹೆಂಡತಿ ಸಾಕಮ್ಮನ ಅಣ್ಣ, ಹೊಳೆಯಾಚೆಯ ದೊಡ್ಡ ಆಲೆಮನೆಯ ಯಜಮಾನ. ಬೋರಲಿಂಗೇಗೌಡನ ಹೆಸರಿನ ಪಕ್ಕದಲ್ಲಿ ಪಟ್ಟೆಯೇ ಇರಲಿಲ್ಲ. ಒಂದು ಸಣ್ಣ ಚುಕ್ಕೆಯಂಥದ್ದು ಕಾಣುತ್ತಿತ್ತು. ಒಂದು ದಿನ ಅದನ್ನು ಟವಲಿನಿಂದ ಒರೆಸಿ ನೋಡಿದ. ನೊಣದ ಹಿಕ್ಕೆ, ಅಳಿಸಿಹೋಯಿತು. ಆಮೇಲೆ ಅಷ್ಟೂ ಇಲ್ಲವಾಯಿತು.

ಈ ಪರದೆಯ ಕಥೆಯನ್ನು ಮೂಗಿನಿಂದ ಶುರು ಮಾಡಬೇಕು. ಕೆಲವು ವರ್ಷಗಳ ಕೆಳಗೆ ಸಂಘದವರು ಒಂದೊಂದು ಆಲೆಮನೆಗೂ ಒಂದೊಂದು ತಾಮ್ರದ ಕಡ್ಡಿ ತಂದು, ಕೊಪ್ಪರಿಗೆಯ ಆವಿ ತಾಗುವ ಹಾಗೆ ತೂಗುಹಾಕಿದ್ದರು. ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಜನ ಮೂಗು ಎಂದು ಕರೆದು ಸುಮ್ಮನಾದರು. ಕುದಿಯುವ ಕಬ್ಬಿನಹಾಲಿನ ವಾಸನೆ ಹಿಡಿಯುವುದು, ಗುಳ್ಳೆ ಒಡೆಯುವ ಸದ್ದು ಕೇಳುವುದು, ಬಣ್ಣ ತಿರುಗುವುದನ್ನು ನೋಡುವುದು ಅದರ ಕೆಲಸ. ಹದ ಬಲ್ಲವನು ಕೊಪ್ಪರಿಗೆಯ ಪಕ್ಕ ನಿಂತು, ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, "ಇಳ್ಸ್ರಪ್ಪಾ" ಎನ್ನುವವರೆಗಿನ ಎಲ್ಲವನ್ನೂ ಮೂಗು ಮೋಡಕ್ಕೆ ಕಳಿಸುತ್ತಿತ್ತು. ಮಳೆಯ ಮೋಡವಲ್ಲ. ಎಲ್ಲೋ ದೂರದ ಊರುಗಳ ತಣ್ಣನೆಯ ಕಟ್ಟಡಗಳಲ್ಲಿ ಸಾಲಾಗಿ ನಿಂತ ಯಂತ್ರಗಳು. ಅವಕ್ಕೆ ಯಾರು ಯಾಕೆ ಮೋಡವೆಂದರೋ, ಆ ಹೆಸರೇ ನಿಂತುಬಿಟ್ಟಿತು.

ಹೀಗೆ ಕೆಲವು ಸುಗ್ಗಿ ಕಲಿತಾದ ಮೇಲೆ ಮೂಗು ಕಲಿಸತೊಡಗಿತು. ಹದ ನೋಡಬಲ್ಲವರು ಕಡಿಮೆಯಾಗುತ್ತ ಬಂದಿದ್ದ ಕಾಲ. ಪಾಕಕ್ಕೂ ಪಾಯಸಕ್ಕೂ ವ್ಯತ್ಯಾಸ ಗೊತ್ತಿಲ್ಲದ ಹೊಸಬರೂ ಗಾಣ ಹೂಡಿದರು. ಗುಂಡಿ ಒತ್ತಿದರೆ ಸಾಕು, ಮೋಡದಲ್ಲಿದ್ದ ಯಾರೋ ಬಲ್ಲವನ ಹದ ಇಳಿದು ಬಂದು, ಅವನೇ ಪಕ್ಕದಲ್ಲಿ ನಿಂತ ಹಾಗೆ ದಾರಿ ತೋರಿಸುತ್ತಿತ್ತು. ಮೂಗಿನ ಮೇಲಿನ ಕೆಂಪು ದೀಪ ಹಸಿರಾದಾಗ ಕೊಪ್ಪರಿಗೆ ಇಳಿಸುವುದು. ಹದವನ್ನು ಮೋಡದಿಂದ ಒಂದು ಸಲ ಇಳಿಸಿಕೊಂಡು ಇಟ್ಟುಕೊಳ್ಳೋಣವೆಂದರೆ ಆಗದು. ನಾಟಿ ಕಬ್ಬಿನ ಹಾಲು ಬೇರೆ, ಕೊಯ್ದ ಬುಡದಲ್ಲೇ ಚಿಗುರಿದ ಕೂಳೆ ಕಬ್ಬಿನ ಹಾಲು ಬೇರೆ. ಮೊನ್ನೆ ಮಳೆ ಬಿದ್ದ ಹೊಲದ್ದು ಇನ್ನೊಂದು. ಪ್ರತಿ ಕೊಪ್ಪರಿಗೆಗೂ ಮೋಡ ಹೊಸದಾಗಿ ಹುಡುಕಿ, ಹೊಂದಿಸಿ, ಕುದಿ ಮುಗಿಯುವ ತನಕ ಹೊಳೆಯ ಹಾಗೆ ಹರಿಸುತ್ತಲೇ ಇರಬೇಕು.

ಆ ಹರಿವಿಗೆ ಲೆಕ್ಕವಿತ್ತು. ಸಂಘದ ಯಂತ್ರಗಳನ್ನು ನೋಡಿಕೊಳ್ಳುವ ಇಂಪನ, ಊರಿನದೇ ಹುಡುಗಿ, ಹಿಂದಿನ ವರ್ಷದ ಸಭೆಯಲ್ಲಿ ಎದ್ದು ನಿಂತು ಅದನ್ನು ತಿಳಿಸಿ ಹೇಳಿದ್ದಳು.

"ಮೇಲಕ್ಕೆ ಎಷ್ಟ್ ಬೇಕಾದ್ರೂ ಏರ್ಸಿ, ಯಾರೂ ಏನೂ ಕೇಳಲ್ಲ. ಕೆಳಕ್ಕೆ ಇಳ್ಸ್ಕೊಳೋದಕ್ಕೆ ಮಾತ್ರ ಲೆಕ್ಕ ಹಾಕಿ ದುಡ್ಡು ಕಟ್ಬೇಕು."

"ದನದ ಪರ್ಸೆ ಇದ್ದಂಗೆ ಅನ್ನವ್ವ," ಎಂದಿದ್ದ ಹಿಂದೆ ಕೂತಿದ್ದ ಮುದುಕನೊಬ್ಬ. "ಒಳಕ್ಕೆ ಹೊಡ್ಕೊಂಡ್ ಬರೋವಾಗ ಬಾ ಬಾ ಅಂತಾರೆ. ಹೊರಕ್ಕೆ ಹೊಡ್ಕೊಂಡ್ ಹೋಗೋವಾಗ ಗೇಟಲ್ಲಿ ಸುಂಕಕ್ಕೆ ಹಗ್ಗ ಹಿಡ್ಕೊತಾರೆ."

"ಅದೇಯ ತಾತ. ಅದಕ್ಕೇ ಸಂಘದೋರು ಒಂದು ಸುಗ್ಗಿಗೆ ಇಷ್ಟು ಅಂತ ಹೊರಹರಿವನ್ನ ಮೊದ್ಲೇ ಕೊಂಡು ಕಟ್ಟೆ ಕಟ್ಟಿದಂಗೆ ಮಡ್ಗಿರ್ತಾರೆ. ಕಟ್ಟೆ ಬರಿದಾದ್ರೆ ಹರಿವು ನಿಂತೋಯ್ತದೆ. ಇದ್ರಲ್ಲೂ ಇನ್ನೊಂದು ಇಷ್ಯ ಐತೆ, ಯಾರು ಯಾವ ದಡದಲ್ಲಿ ಕುಂತು ಇಳ್ಸ್ಕೊತಾರೆ ಅನ್ನೋದು..."

ಅಷ್ಟರಲ್ಲಿ ಬಿಸಿ ಬೋಂಡ ಬಂದಿತು. ಇನ್ನೊಂದು ವಿಷಯವನ್ನು ಯಾರೂ ಕೇಳಲಿಲ್ಲ. ಕಾರ್ಯದರ್ಶಿ ಮಾತ್ರ ಬಾಯಲ್ಲಿ ಬೋಂಡ ಇಟ್ಟುಕೊಂಡೇ ಒಂದು ಮಾತು ಸೇರಿಸಿದ: ಮೋಡದಲ್ಲಿ ಜಾಗವೂ ಪುಕ್ಕಟೆಯಲ್ಲ, ಬರುವ ಸುಗ್ಗಿಯಲ್ಲಿ ಯಾರೂ ಇಳಿಸಿಕೊಳ್ಳದ ಹದಗಳನ್ನು ಸುಗ್ಗಿ ಮುಗಿದ ಮೇಲೆ ಅಳಿಸಲಾಗುವುದು.

ಆ ಮಾತು ಬೋರಲಿಂಗೇಗೌಡನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವನದು ಬಾಯಿಲ್ಲದ ಬದುಕು. ಯಾರಿಗೂ ಕೂರಿಸಿಕೊಂಡು ಹೇಳಿಕೊಟ್ಟವನಲ್ಲ. ಕೇಳಿದರೆ "ನೋಡ್ಕೊಂಡ್ ಕಲೀರಿ" ಎನ್ನುತ್ತಿದ್ದ. ನೋಡಿ ಕಲಿತದ್ದು ಮೂಗೊಂದೇ. ಅವನ ಅಪ್ಪನಿಂದ ಅವನ ಬೆರಳಿಗೆ ಬಂದು, ಬೆರಳಿಂದ ಮೋಡಕ್ಕೆ ಹೋದದ್ದು ಅಳಿಸಿಹೋದರೆ, ಇವನು ಸತ್ತ ದಿನ ಅದೂ ಸತ್ತಂತೆ. ಪಟ್ಟೆ ಉದ್ದವಿದ್ದಷ್ಟೂ ಆ ಹದವನ್ನು ಹೆಚ್ಚು ಜನ ಇಳಿಸಿಕೊಂಡರೆಂದು ಅವನ ಎಣಿಕೆ. ದ್ಯಾವೇಗೌಡನದು ಉಳಿಯುತ್ತದೆ. ಅದರ ಪಟ್ಟೆ ಪರದೆಯ ಆ ತುದಿಯನ್ನು ಮುಟ್ಟುತ್ತಿದೆ.

ಇದು ಇವತ್ತಿನ ಉರಿಯೂ ಅಲ್ಲ. ಬೋರಲಿಂಗೇಗೌಡನ ಮದುವೆಯ ದಿನ ದ್ಯಾವೇಗೌಡ ತಂಗಿಯ ಜೊತೆಗೆ ಒಂದು ಹೊರೆ ಅಚ್ಚುಬೆಲ್ಲ ಕಳಿಸಿದ್ದ. ಜೇನಿನ ಬಣ್ಣ. ಮದುವೆಗೆ ಬಂದವರು ಹೆಣ್ಣನ್ನು ನೋಡುವುದು ಬಿಟ್ಟು ಬೆಲ್ಲ ನೋಡಿದರು. "ಏನ್ ಬಣ್ಣ ಕಣಪ್ಪ, ಮುಟ್ಟಿದ್ರೆ ಕೈಗಂಟ್ಕೊಳಂಗೈತೆ" ಎಂದು ಬೀಗರೂರಿನವರು ಹೇಳಿದ್ದು ಇವನಿಗೆ ಇನ್ನೂ ಕಿವಿಯಲ್ಲಿತ್ತು. ಅಲ್ಲಿಂದಾಚೆಗೆ ಮನೆಯಲ್ಲಿ ಏನು ಸಿಹಿ ಮಾಡಿದರೂ ಸಾಕಮ್ಮನ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತಿತ್ತು: "ನಮ್ ಅಣ್ಣಯ್ಯನ ಬೆಲ್ಲ ಆಗಿದ್ರೆ ಬಣ್ಣ ಇನ್ನೊಸಿ ಬರೋದು."

ಈ ಸುಗ್ಗಿಯಲ್ಲಿ ಮಾತ್ರ ಅವಳು ಆ ಮಾತು ಬಿಟ್ಟಿದ್ದಳು. ಮಳೆಗಾಲದಲ್ಲಿ ದ್ಯಾವೇಗೌಡನಿಗೆ ಕೆಟ್ಟ ಜ್ವರ ಬಂದು, ನೋಡಿಕೊಳ್ಳಲು ಹೋಗಿದ್ದವಳು ಹಿಂದಿರುಗಿದ ಮೇಲೆ ಅಣ್ಣನ ವಿಷಯಕ್ಕೆ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ. ಸುಗ್ಗಿ ಶುರುವಾದಾಗ ತವರಿನಿಂದ ಬಂದ ಬೆಲ್ಲದಲ್ಲಿ ಒಂದು ಅಚ್ಚು ತಂದು ಗಂಡನ ಮುಂದಿಟ್ಟಳು.

"ಒಸಿ ತಿಂದ್ ನೋಡಿ. ಈ ಸಲ ಅಣ್ಣಯ್ಯನ ಬೆಲ್ಲ ಬ್ಯಾರೆ ಥರ ಐತೆ ಅನ್ಸ್ತದೆ."

ಬೋರಲಿಂಗೇಗೌಡ ಮುರಿದು ಬಾಯಿಗೆ ಹಾಕಿಕೊಂಡ. ಬಣ್ಣ ಮೊದಲಿನಷ್ಟು ಹೊಳಪಾಗಿರಲಿಲ್ಲ. ಆದರೆ ಮುರಿದ ಕಡೆ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿತ್ತು. ನಾಲಗೆಯ ಮೇಲೆ ತಡವಾಗಿ ಕರಗಿತು, ಕರಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಹುರಿಗಡಲೆಯ ವಾಸನೆ ಉಳಿಯಿತು. ಇಂಥದ್ದನ್ನು ಮಾಡಬೇಕೆಂದೇ ತಾನು ಬದುಕಿನುದ್ದಕ್ಕೂ ಕೊಪ್ಪರಿಗೆಯ ಪಕ್ಕ ನಿಂತದ್ದು, ಅದನ್ನು ಇವನು ಮಾಡಿಬಿಟ್ಟನಲ್ಲ ಅನ್ನಿಸಿತು. ಬಾಯಿ ಸಿಹಿಯಾಗಿ ಹೊಟ್ಟೆ ಉರಿಯಿತು.

"ಹೆಂಗೈತೆ?"

"ಐತೆ. ಬೆಲ್ಲ ಇದ್ದಂಗೈತೆ."

ಸಾಕಮ್ಮ ಅವನ ಮುಖವನ್ನೊಮ್ಮೆ ನೋಡಿ, ಉಳಿದ ಅಚ್ಚು ಎತ್ತಿಕೊಂಡು ಒಳಗೆ ಹೋದಳು.

ಮರುದಿನವೇ ಅವನು ಆ ಕೆಲಸಕ್ಕೆ ಕೈ ಹಾಕಿದ್ದು. ತನ್ನ ಹದವನ್ನು ಯಾರೂ ಇಳಿಸಿಕೊಳ್ಳದಿದ್ದರೆ ತಾನೇ ಇಳಿಸಿಕೊಂಡರಾಯಿತು. ಆಲೆಮನೆಯಲ್ಲಿ ಆಳುಗಳು ಕಬ್ಬು ಹೊರಲು ಹೋದಾಗ ಮೂಗಿನ ಗುಂಡಿ ಒತ್ತಿ, ತನ್ನ ಹೆಸರು ಆರಿಸಿದ. ಅವನದೇ ಹದ ಇಳಿದು ಬಂದು ಅವನಿಗೇ ದೀಪ ತೋರಿಸಿತು. ಕೊಪ್ಪರಿಗೆ ಇಳಿಸಿ ಸಂಘಕ್ಕೆ ಓಡಿದ. ಪರದೆಯಲ್ಲಿ ಏನೂ ಬದಲಾಗಿರಲಿಲ್ಲ. ಇನ್ನೆರಡು ದಿನ ಇದನ್ನೇ ಮಾಡಿದ. ಪಟ್ಟೆ ಹುಟ್ಟಲೇ ಇಲ್ಲ. ತನ್ನ ಹದವನ್ನು ಯಂತ್ರವೂ ಕೀಳಾಗಿ ಕಾಣುತ್ತಿದೆಯೇನೋ ಎಂದು ನೊಂದುಕೊಂಡ.

ಆಮೇಲೊಂದು ದಿನ ಹೊಳೆಯ ಸೇತುವೆಯ ಮೇಲೆ ಕೂತಿದ್ದಾಗ ಸುಮ್ಮನೆ ಫೋನಿನಲ್ಲಿ ಸಂಘದ ಪುಟ ತೆರೆದು, ಅಲ್ಲಿಂದಲೇ ತನ್ನ ಹದ ಇಳಿಸಿಕೊಂಡ. ಸಂಘಕ್ಕೆ ಬಂದು ನೋಡಿದರೆ ಅವನ ಹೆಸರಿನ ಪಕ್ಕದಲ್ಲಿ ಗೇಣುದ್ದದ ಹಸಿರು. ಮೂಗಿನಿಂದ ಇಳಿಸಿದರೆ ಬಾರದ್ದು ಫೋನಿನಿಂದ ಹೇಗೆ ಬಂತು ಎಂದು ಅವನು ಯೋಚಿಸಲಿಲ್ಲ. ಬಂತಲ್ಲ, ಅಷ್ಟೇ ಅವನಿಗೆ ಬೇಕಾದದ್ದು.

ಮತ್ತೆ ಮತ್ತೆ ಗುಂಡಿ ಒತ್ತುವ ಕಷ್ಟವೂ ಬೇಡವೆಂದು ಫೋನಿನಲ್ಲಿಯೇ ಒಂದು ಏರ್ಪಾಡಿತ್ತು. ಒಂದು ಕುದಿ ಇಳಿದು ಮುಗಿದ ಕೂಡಲೇ ಮುಂದಿನದು ತಾನೇ ಶುರುವಾಗುವುದು. ಬೋರಲಿಂಗೇಗೌಡ ಅದನ್ನು ಹಚ್ಚಿ, ಚಾರ್ಜಿಗೆ ಹಾಕಿ, ಯಾರ ಕಣ್ಣಿಗೂ ಬೀಳದಿರಲೆಂದು ಅಡಿಗೆಮನೆಯ ಮೂಲೆಯ ಬರಿದಾದ ರಾಗಿ ಮಡಕೆಯಲ್ಲಿಟ್ಟ. ವಾರ ಕಳೆಯುವುದರೊಳಗೆ ಸಾಕಮ್ಮ ಹಿಟ್ಟು ತುಂಬಲು ಹೋಗಿ ಕೈ ಸುಟ್ಟುಕೊಂಡಳು.

"ಇದೇನಿದು, ಫೋನಿಗೆ ಜ್ವರ ಬಂದಂಗೈತೆ. ಮಡಕೇಲ್ ಮಲಗ್ಸಿ ಬಾಣಂತಿ ಮಾಡ್ತಾ ಇದ್ದೀರಾ?"

"ಚಳಿ ಅಲ್ವಾ. ಬ್ಯಾಟ್ರಿಗೆ ಒಸಿ ಬೆಚ್ಚಗಿರ್ಲಿ ಅಂತ."

"ನಂಗೆ ಚಳಿ ಅಂದ್ರೆ ಒಂದ್ ಕಂಬ್ಳಿ ಹೊದ್ಸ್ನಿಲ್ಲ ನೀವು ಇದುವರ್ಗೂ," ಎಂದು ಅವಳು ನಕ್ಕು, ಕೈಗೆ ತುಪ್ಪ ಸವರಿಕೊಂಡಳು. ಫೋನು ಅಟ್ಟಕ್ಕೆ ಹೋಯಿತು.

ಪಟ್ಟೆ ಬೆಳೆಯಿತು. ಹುಣಸೆ ಚಿಗುರಿನ ಹಾಗೆ ಬೆಳೆಯಿತು. ಚಹದಂಗಡಿಯ ಮಾದಣ್ಣ, "ಏನ್ ಗೌಡ್ರೆ, ಭಾವಂಗೆ ಸಮಕ್ಕೆ ಬಂದ್ಬುಟ್ರಲ್ಲ" ಎಂದು ಮೊದಲ ಸಲ ಅವನಿಗೆ ಸಕ್ಕರೆ ಹೆಚ್ಚು ಹಾಕಿದ ಚಹ ಕೊಟ್ಟ. ತನ್ನ ಕೈಯಿಂದಲೇ ಬೆಳೆಸಿದ ಪಟ್ಟೆಯೆಂದು ಗೊತ್ತಿದ್ದೂ ಬೋರಲಿಂಗೇಗೌಡನಿಗೆ ಒಳಗೆಲ್ಲೋ ತಂಪಾಗುತ್ತಿತ್ತು. ಆದರೆ ಅತ್ತ ದ್ಯಾವೇಗೌಡನ ಪಟ್ಟೆಯೂ ನಿಲ್ಲದೆ ದಿನಕ್ಕಿಷ್ಟು ಬೆಳೆಯುತ್ತಿತ್ತು. ಅದನ್ನು ಯಾರೂ ಅಟ್ಟದ ಮೇಲೆ ಬೆಚ್ಚಗಿಟ್ಟಿಲ್ಲ, ಜನ ಬೇಕೆಂದು ಇಳಿಸಿಕೊಳ್ಳುತ್ತಿದ್ದಾರೆ ಎಂದು ನೆನೆದರೆ ಚಹ ಕಹಿಯಾಗುತ್ತಿತ್ತು. ಸಾಕಮ್ಮನ ಫೋನನ್ನೂ ಅಟ್ಟಕ್ಕೇರಿಸಿದ.

ಸಂಕ್ರಾಂತಿ ಬಂತು. ಎಳ್ಳಿನ ಜೊತೆಗೆ ಹೊಸ ಬೆಲ್ಲ ಬೇಕು. ಹೊಳೆಯ ಎರಡೂ ದಡದ ಆಲೆಮನೆಗಳಲ್ಲಿ ಒಲೆ ಆರುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಸಂಗನಪುರದಲ್ಲಿ ಊರಿಗೆಲ್ಲ ಹಂಚುವ ಬೆಲ್ಲವನ್ನು ದ್ಯಾವೇಗೌಡನ ಕೊಪ್ಪರಿಗೆಯಲ್ಲಿ ಕಾಯಿಸುವುದು ಅವನ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಊರಿನ ಹೆಂಗಸರು ತಟ್ಟೆ ಹಿಡಿದು ಬಂದು, ಪಾಕ ಇಳಿಯುವವರೆಗೆ ಸುತ್ತ ನಿಂತಿರುತ್ತಾರೆ. ಸಾಕಮ್ಮ ಬೆಳಗ್ಗೆಯೇ ಅಲ್ಲಿಗೆ ಹೋಗಿದ್ದಳು. ಬೋರಲಿಂಗೇಗೌಡ ತನಗೆ ಕೆಲಸವಿದೆಯೆಂದು ಹೇಳಿ ಸಂಘಕ್ಕೆ ಬಂದ.

ಹಳೆಯ ತೂಕದ ಮನೆಯನ್ನೇ ಯಂತ್ರದ ಕೋಣೆ ಮಾಡಿದ್ದರು. ಒಳಗೆ ಸದಾ ತಣ್ಣಗಿನ ಗಾಳಿ, ಜೇನುಗೂಡಿನಂಥ ಸದ್ದು. ಇಂಪನ ಶಾಲು ಹೊದ್ದು ಕೂತಿದ್ದಳು. ಅವನು ಬಂದದ್ದನ್ನೂ ಗಮನಿಸದೆ ಪರದೆಯ ಮೇಲಿನ ಮೂಲೆಯಲ್ಲಿದ್ದ ಒಂದು ಗೆರೆಯನ್ನೇ ನೋಡುತ್ತಿದ್ದಳು. ಅವನ ಕಣ್ಣು ಹೋದದ್ದು ಪಟ್ಟೆಗಳ ಮೇಲೆ. ಅವನದು ಎಲ್ಲಕ್ಕಿಂತ ಉದ್ದವಾಗಿತ್ತು. ದ್ಯಾವೇಗೌಡನದಕ್ಕಿಂತ ಒಂದು ಬೆರಳು ಮುಂದೆ. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ದೇವರ ಮುಂದೆ ನಿಂತವನ ಹಾಗೆ ನಿಂತ.

ನಿಂತಿದ್ದ ಹಾಗೆಯೇ ಪಟ್ಟೆಗಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದವು.

"ಆಯ್ತು," ಎಂದಳು ಇಂಪನ. "ಕಟ್ಟೆ ಬರಿದಾಯ್ತು. ಹೊರಹರಿವು ನಿಂತೋಯ್ತು." ಅವಳು ಫೋನು ಹಿಡಿದು ಕಾರ್ಯದರ್ಶಿಯನ್ನು ಹುಡುಕಿದಳು, ಅವನು ಹಬ್ಬಕ್ಕೆ ಮಾವನ ಮನೆಗೆ ಹೋಗಿದ್ದ, ಸಿಗಲಿಲ್ಲ. ಸಂಗನಪುರಕ್ಕೆ ಹಚ್ಚಿದಳು. ಯಾರೂ ತೆಗೆಯಲಿಲ್ಲ. ಮತ್ತೆ ಹಚ್ಚಿದಳು. ಕಡೆಗೆ ಅತ್ತಲಿಂದಲೇ ಫೋನು ಬಂತು. ಅವಳು ಕೇಳಿಸಿಕೊಂಡಳು. ಫೋನು ಕೆಳಗಿಟ್ಟು, ಹೊದ್ದಿದ್ದ ಶಾಲು ತೆಗೆದು ಪಕ್ಕಕ್ಕಿಟ್ಟಳು.

"ಏನಾಯ್ತವ್ವ?"

"ದ್ಯಾವೇಗೌಡ್ರ ಕೊಪ್ಪರಿಗೆ ಸೀದೋಯ್ತಂತೆ ದೊಡ್ಡಪ್ಪ. ಊರ್ ಮುಂದೇನೆ. ಇದ್ದಿಲಾಗೋಗೈತಂತೆ."

ಬೋರಲಿಂಗೇಗೌಡನಿಗೆ ಮೊದಲು ಬಂದದ್ದು ಸಂತೋಷ. ಅದು ಬಂದದ್ದು ಅವನಿಗೇ ಗೊತ್ತಾಗಿ, ಗೋಡೆಯ ಕಡೆ ತಿರುಗಿಕೊಂಡ.

"ಹದ ಬಲ್ಲ ದ್ಯಾವೇಗೌಡ ನಿಂತಿರೋವಾಗ ಕೊಪ್ಪರಿಗೆ ಎಂಗ್ ಸೀಯ್ತದೆ?"

ಇಂಪನ ಕುರ್ಚಿಯನ್ನು ಅವನ ಕಡೆ ತಿರುಗಿಸಿ ಕೂತಳು. "ದೊಡ್ಡಪ್ಪ, ಕಟ್ಟೇನ ಅರ್ಧಕ್ಕರ್ಧ ಕುಡಿದಿರೋದು ನಿಮ್ಮನೆಯ ಎರಡು ಫೋನು. ನಂಗೆ ಮೊನ್ನೆನೇ ಕಾಣ್ತು. ಹಬ್ಬ ಕಳೀಲಿ, ಕೇಳಾನ ಅಂತಿದ್ದೆ. ಯಾಕ್ ನಿಮ್ಮ ಹದಾನ ನೀವೇ ಇಳ್ಸ್ಕೊತಾ ಇದ್ರಿ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಪಟ್ಟೆ ಬೆಳೀಲಿ ಅಂತ," ಎಂದ. "ಯಾರಿಗೂ ಬ್ಯಾಡದ ಹದ ಅಂತ ಅಳಿಸ್ಬುಡ್ತೀರಲ್ಲ. ಅವನದನ್ನ ಎಲ್ಲಾರೂ ಇಳ್ಸ್ಕೊತಾರೆ."

ಇಂಪನ ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಅವಳಿಗೆ ನಗು ಬರಬೇಕಾಗಿತ್ತು, ಬರಲಿಲ್ಲ.

"ಆ ಪಟ್ಟೆ ಯಾರ ಹದ ಹೋಯ್ತು ಅಂತಲ್ಲ ದೊಡ್ಡಪ್ಪ. ಯಾರು ಇಳ್ಸ್ಕೊಂಡ್ರು ಅಂತ. ಕಟ್ಟೆ ನೀರು ಯಾರ ಗದ್ದೆಗೆ ಎಷ್ಟು ಹೋಯ್ತು ಅಂತ ನೋಡ್ಕೊತೀವಲ್ಲ, ಹಂಗೆ."

ಅವನು ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿ, ಪರದೆಯ ಹೆಸರುಗಳನ್ನು ಮತ್ತೊಮ್ಮೆ ಓದಿದ.

"ಅದ್ರಲ್ಲೂ ಎಲ್ಲಾರ್ದೂ ಕಾಣಲ್ಲ," ಎಂದು ಅವಳು ಮುಂದುವರಿಸಿದಳು. "ನಮ್ಮ ದಡದ ಮೂಗುಗಳು, ನಮ್ಮ ದಡದ ಹದಗಳು, ಎರಡೂ ಒಂದೇ ವಲಯದಲ್ಲಿ ಅವೆ. ಒಂದೇ ಕಟ್ಟಡ. ಅಡಿಗೆಮನೆಯಿಂದ ನಡುಮನೆಗೆ ತಟ್ಟೆ ತಂದಂಗೆ, ಅದಕ್ಕೆ ಲೆಕ್ಕವೂ ಇಲ್ಲ, ಪಟ್ಟೆಯೂ ಇಲ್ಲ. ಹೊಳೆಯಾಚೆಯೋರ ತಂತಿ ಇನ್ನೊಂದು ಊರಿನ ಕಟ್ಟಡಕ್ಕೆ ಹೋಯ್ತದೆ. ಇಲ್ಲಿಂದ ಕಲ್ಲು ಬೀರಿದ್ರೆ ಸಂಗನಪುರಕ್ಕೆ ಬೀಳ್ತದೆ, ಆದ್ರೆ ಇಲ್ಲಿನ ಹದ ಅಲ್ಲಿಗೆ ಹೋಗ್ಬೇಕಾದ್ರೆ ಎರಡು ಊರು ಸುತ್ಕೊಂಡು ವಲಯ ದಾಟ್ಬೇಕು. ಅದಕ್ಕೆ ಲೆಕ್ಕ. ಫೋನು ಸಂಘದ ತಂತಿ ಮೇಲೇ ಇಲ್ಲ, ಪೂರ್ತಿ ಹೊರಗು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಲೆಕ್ಕ. ಇದನ್ನೇ ಸಭೇಲಿ ಹೇಳೋಕೆ ಹೊರಟಿದ್ದೆ. ಬೋಂಡ ಬಂತು."

"ಹಂಗಾರೆ ಈ ದಡದಲ್ಲಿ ನನ್ನ ಹದಾನ ಯಾರು ಇಳ್ಸ್ಕೊತಾರೆ?"

"ಎಲ್ಲಾರೂ," ಎಂದಳು ಇಂಪನ. "ಹೊಸ ಆಲೆಮನೆಯೋರು ಗುಂಡಿ ಒತ್ತುತಾರೆ, ಯಾರ್ದು ಅಂತ ಕೇಳಲ್ಲ. ಮೋಡ ಹೊಂದಿಸಿ ನೋಡಿ ಕೊಡೋದು ಹೆಚ್ಚುಪಾಲು ನಿಮ್ಮದೇ. ಅದನ್ನ ಅಳಿಸ್ತಾರಾ ಯಾರಾದ್ರೂ?"

ಸುಗ್ಗಿಯ ಉದ್ದಕ್ಕೂ ಊರಿನ ಪ್ರತಿ ಕೊಪ್ಪರಿಗೆಯ ಪಕ್ಕದಲ್ಲಿ ತಾನೇ ನಿಂತಿದ್ದೆನೆಂದು ಅವನಿಗೆ ನಿಧಾನವಾಗಿ ತಿಳಿಯಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು, ಕೇಳಬಾರದಿತ್ತು ಅನ್ನಿಸುವಂಥದ್ದು.

"ದ್ಯಾವೇಗೌಡ ಅಷ್ಟುದ್ದ ಪಟ್ಟೆ ಬೆಳೆಸವ್ನಲ್ಲ. ಅವನು ಯಾರ್ದು ಇಳ್ಸ್ಕೊತಿದ್ದ?"

"ಹೇಳ್ಬ್ಯಾಡ ಅಂದಿದ್ರು."

"ಇಂಪನವ್ವ."

"ನಿಮ್ದು," ಎಂದಳು ಅವಳು. "ಜ್ವರ ಬಂದು ಹೋದ್ಮೇಲೆ ಅವರಿಗೆ ವಾಸ್ನೆ ಗೊತ್ತಾಗಲ್ಲ. ಒಂದ್ ಚೂರೂ ಗೊತ್ತಾಗಲ್ಲ. ಹೆಂಡ್ರು ಮಕ್ಕಳಿಗೂ ಹೇಳಿಲ್ಲ. ದೀಪ ನೋಡ್ಕೊಂಡೇ ಇಳಿಸ್ತಿದ್ರು. ಇವತ್ತು ಹರಿವು ನಿಂತಾಗ ದೀಪ ಕೆಂಪಲ್ಲೇ ಕುಂತ್ಬುಡ್ತು."

ಸೀದ ವಾಸನೆ ಸುತ್ತ ನಿಂತ ಎಲ್ಲರಿಗೂ ಬಂದಿತ್ತಂತೆ. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದುಕೊಂಡರಂತೆ. ದ್ಯಾವೇಗೌಡನೇ ಕೊಪ್ಪರಿಗೆಯ ಮುಂದೆ ನಿಂತಿರುವಾಗ ಸೀದಿದೆ ಎಂದು ಹೇಳಲು ನಾವ್ಯಾರು ಎಂದು ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಕಡೆಗೆ ಸಾಕಮ್ಮ ಓಡಿಬಂದು ಅಣ್ಣನ ಕೈ ಹಿಡಿದು ಎಳೆದಳಂತೆ.

ಬೋರಲಿಂಗೇಗೌಡ ಮನೆಗೆ ಹೋಗಿ, ಅಟ್ಟದ ಮೇಲಿನ ಎರಡು ಫೋನುಗಳನ್ನೂ ಆರಿಸಿ, ಬ್ಯಾಟರಿ ಗಾಡಿ ಹತ್ತಿ ಸೇತುವೆ ದಾಟಿದ. ಸಂಗನಪುರದ ಆಲೆಮನೆಯನ್ನು ದೂರದಿಂದಲೇ ಕಹಿ ವಾಸನೆ ತೋರಿಸುತ್ತಿತ್ತು. ಜನ ಚೆದುರಿಹೋಗಿದ್ದರು. ಕಪ್ಪಾದ ಕೊಪ್ಪರಿಗೆಯನ್ನು ಆಳುಗಳು ಹೊರಗೆ ಮಗುಚಿ ಉಜ್ಜುತ್ತಿದ್ದರು. ದ್ಯಾವೇಗೌಡ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಟವಲು ಹಾಸಿಕೊಂಡು ಕೂತಿದ್ದ. ದೊಡ್ಡ ಮೈ, ದೊಡ್ಡ ಮೀಸೆ. ಎಲ್ಲವೂ ಒಂದು ಸುತ್ತು ಕುಗ್ಗಿದ ಹಾಗಿತ್ತು. ಪಕ್ಕದಲ್ಲಿ ಸಾಕಮ್ಮ ನಿಂತಿದ್ದಳು. ಗಂಡನನ್ನು ಕಂಡು ನೀರಿನ ಚೊಂಬು ತಂದುಕೊಟ್ಟಳು.

"ಬಾ ಬೋರಲಿಂಗ. ನೋಡೋಕೆ ಬಂದ್ಯಾ?"

"ಕಟ್ಟೆ ಬರಿದು ಮಾಡಿದ್ದು ನಾನೇ ಭಾವ."

"ಗೊತ್ತು. ಈಗ ಆ ಹುಡುಗಿ ಫೋನ್ ಮಾಡಿತ್ತು." ದ್ಯಾವೇಗೌಡ ನೆಲ ನೋಡುತ್ತ ಕೇಳಿದ. "ನಿನ್ ಹದಾನ ನೀನೇ ಇಳ್ಸ್ಕೊಂಡ್ಯಂತೆ. ಎಂಗಿತ್ತು?"

ಬೋರಲಿಂಗೇಗೌಡ ಸ್ವಲ್ಪ ಯೋಚಿಸಿ, "ಚೆನ್ನಾಗಿತ್ತು," ಎಂದ.

ಮೊದಲು ನಕ್ಕದ್ದು ಸಾಕಮ್ಮ. ಆಮೇಲೆ ದ್ಯಾವೇಗೌಡನ ಮೀಸೆ ಅಲುಗಿತು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. ಅದು ಬರೀ ನಗುವಿನದಲ್ಲವೆಂದು ಮೂವರಿಗೂ ಗೊತ್ತಿತ್ತು.

"ನಿನ್ ಹದ ಮೋಡದಲ್ಲಿತ್ತಲ್ಲ ಭಾವ, ಲೆಕ್ಕವಿಲ್ದೆ ಸಿಕ್ಕೋದು. ಅದನ್ ಬುಟ್ಟು ನಂದ್ಯಾಕೆ ತಗಂಡೆ?"

"ನಂದು ಕಣ್ಣಿಗೆ ಕಣೊ. ಸುಗ್ಗೀಲಿ ನೋಡೋಕೆ ಚೆಂದ, ಆಷಾಢ ಬತ್ತಿದ್ದಂಗೆ ನೀರೊಡೀತದೆ. ನಿಂದು ಮುಂದಿನ ಸುಗ್ಗಿವರ್ಗೂ ಕಲ್ಲಿದ್ದಂಗಿರ್ತದೆ. ಮೂಗು ನೆಟ್ಟಗಿದ್ದಾಗ ಕೇಳೋಕೆ ಬಾಯಿ ಬರ್ನಿಲ್ಲ. ತಂಗಿ ಗಂಡನ ತಾವ ಹೋಗಿ ಹದ ಹೇಳ್ಕೊಡು ಅನ್ನಾದಾ? ಮೂಗು ಹೋದ್ಮೇಲೆ ಕದ್ದು ಇಳ್ಸ್ಕೊಂಡೆ. ದೀಪ ನಂಬಿ ಕಣ್ಣು ಕಿವಿ ಎರಡ್ನೂ ಮರ್ತಿದ್ದೆ."

ಬೋರಲಿಂಗೇಗೌಡ ಅಂಗಿ ತೆಗೆದು ಗೂಟಕ್ಕೆ ಹಾಕಿ, "ಒಲೆ ಹಚ್ರಪ್ಪ. ತಟ್ಟೆ ತಂದೋರ್ನ ಕರೀರಿ," ಎಂದ.

ಗಾಣ ತಿರುಗಿತು. ಹೊಸ ಹಾಲು ಕೊಪ್ಪರಿಗೆ ತುಂಬಿತು. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದರು. ಮೇಲೆ ಮೂಗಿನ ಕೆಂಪು ದೀಪ ಹಾಗೆಯೇ ಉರಿಯುತ್ತಿತ್ತು. ಯಾರೂ ಅದನ್ನು ನೋಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಬೋರಲಿಂಗೇಗೌಡ ಕೊಪ್ಪರಿಗೆಯ ಈಚೆ, ದ್ಯಾವೇಗೌಡ ಆಚೆ. ನಡುವೆ ಆವಿ.

"ಈಗೇನ್ ವಾಸ್ನೆ?" ಎಂದು ದ್ಯಾವೇಗೌಡ ಮೆಲ್ಲಗೆ ಕೇಳಿದ, ಮರೆತುಹೋದ ಊರಿನ ಸಮಾಚಾರ ಕೇಳುವವನ ಹಾಗೆ.

ಯಾರಿಗೂ ಬಾಯಿಬಿಟ್ಟು ಹೇಳಿಕೊಡದಿದ್ದ ಬೋರಲಿಂಗೇಗೌಡ ಹೇಳತೊಡಗಿದ. "ಈಗಿನ್ನೂ ಹಸಿ ಹುಲ್ಲು... ಈಗ ಹುಲ್ಲು ಹೋಯ್ತು. ನೆಂದ ಮಣ್ಣು ಒಣಗ್ತಾ ಇರೋ ವಾಸ್ನೆ... ಈಗ ಕಾಯ್ಸಿದ ತುಪ್ಪ. ಇನ್ನೊಸಿ ಹೊತ್ತಿಗೆ ಹುರಿಗಡ್ಲೆ ಬತ್ತದೆ. ಬಂದ್ ಕೂಡ್ಲೆ ಇಳಿಸ್ಬೇಕು." ದ್ಯಾವೇಗೌಡ ಕಣ್ಣು ಮುಚ್ಚಿಕೊಂಡು, ತಲೆಯನ್ನು ಒಂದು ಕಡೆ ವಾಲಿಸಿ, ಕೇಳುತ್ತ ನಿಂತಿದ್ದ.

ಬೋರಲಿಂಗೇಗೌಡ ಹುರಿಗಡಲೆಗಾಗಿ ಮೂಗು ಚಾಚಿದ. ಇನ್ನೂ ಬಂದಿರಲಿಲ್ಲ.

"ಇಳ್ಸು," ಎಂದ ದ್ಯಾವೇಗೌಡ.

"ಇನ್ನೂ ಬಂದಿಲ್ಲ ಭಾವ."

"ಗುಳ್ಳೆ ದನಿ ದಪ್ಪಾಯ್ತು ಕಣೊ, ಇಳ್ಸು."

ಅವನ ದನಿಯಲ್ಲಿ ಏನಿತ್ತೋ, ಬೋರಲಿಂಗೇಗೌಡ "ಇಳ್ಸ್ರಪ್ಪಾ" ಎಂದುಬಿಟ್ಟ. ಕೊಪ್ಪರಿಗೆ ಒಲೆಯಿಂದ ಎದ್ದು ಬದಿಗೆ ಬರುತ್ತಿದ್ದಾಗ, ಆವಿಯ ಒಳಗಿನಿಂದ, ಹುರಿಗಡಲೆಯ ವಾಸನೆ ಬಂತು. ಬೆಂಕಿಯ ಮೇಲಿದ್ದಿದ್ದರೆ ಒಂದು ಗಳಿಗೆ ತಡವಾಗುತ್ತಿತ್ತು. ಪ್ರತಿ ಸಲವೂ ತನಗೆ ಆ ಒಂದು ಗಳಿಗೆ ತಡವಾಗುತ್ತಿತ್ತೆಂದು ಅವನಿಗೆ ಆಗ ಗೊತ್ತಾಯಿತು. ಅಚ್ಚಿಗೆ ಬಿದ್ದ ಬೆಲ್ಲಕ್ಕೆ ಜೇನಿನ ಬಣ್ಣವೂ ಇತ್ತು, ಮುರಿದರೆ ಹರಳೂ ಇತ್ತು. ಅಂಥದ್ದನ್ನು ಅವನೂ ಮಾಡಿರಲಿಲ್ಲ, ದ್ಯಾವೇಗೌಡನೂ ಮಾಡಿರಲಿಲ್ಲ. ತಟ್ಟೆ ಹಿಡಿದ ಹೆಂಗಸರು ಹಿಂದಿನದನ್ನು ಮರೆತವರ ಹಾಗೆ ಮಾತಾಡತೊಡಗಿದರು.

ಸಂಜೆಗೆ ಮುಂಚೆ ಗಾಡಿಯ ಹಿಂದೆ ಸಾಕಮ್ಮನನ್ನು ಕೂರಿಸಿಕೊಂಡು ಬೋರಲಿಂಗೇಗೌಡ ಸೇತುವೆಗೆ ಬಂದ. ಅವಳ ಮಡಿಲಲ್ಲಿ ಬಾಳೆಯೆಲೆಯಲ್ಲಿ ಸುತ್ತಿದ ಬೆಚ್ಚಗಿನ ಅಚ್ಚು.

"ಸಂಘದೋರ ಮುಂದೆ ಏನಂತೀರಿ?" ಎಂದಳು ಸಾಕಮ್ಮ.

"ಇದ್ದದ್ ಇದ್ದಂಗೆ ಹೇಳ್ತೀನಿ. ಬೈತಾರೆ, ಬೈಸ್ಕೊತೀನಿ. ಕಟ್ಟೆ ತುಂಬೋವರ್ಗೂ ದಿನಾ ಬಂದು ಭಾವನ ಕೊಪ್ಪರಿಗೆ ತಾವ ನಿಂತ್ಕೊತೀನಿ."

"ತುಂಬಿದ್ಮೇಲೆ?"

ಅವನು ಗಾಡಿ ಸೇತುವೆಯ ನಡುವಿಗೆ ಬಂದಾಗ ನಿಲ್ಲಿಸಿ, ಹಿಂದೆ ತಿರುಗದೆಯೇ ಕೈ ಚಾಚಿದ. ಅವಳು ಎಲೆ ಬಿಚ್ಚಿ ಒಂದು ಚೂರು ಮುರಿದು ಕೊಟ್ಟಳು. ಬಾಯಲ್ಲಿಟ್ಟುಕೊಂಡು ಕರಗುವ ತನಕ ಹೊಳೆ ನೋಡಿದ. ಮತ್ತೆ ಕೈ ಚಾಚಿದ.

"ಹೆಂಗೈತೆ ಈ ಬೆಲ್ಲ?" ಎಂದಳು ಸಾಕಮ್ಮ. ಅವಳ ದನಿಯಲ್ಲಿ ಹಳೆಯ ತುಂಟತನ ಮರಳಿತ್ತು.

"ಎಲ್ಡು ದಡದಲ್ಲೂ ಇಂಥದ್ದಿಲ್ಲ," ಎಂದ ಬೋರಲಿಂಗೇಗೌಡ. ಗಾಡಿ ಹೊರಡಿಸಿದವನು ಮತ್ತೆ ನಿಲ್ಲಿಸಿದ. "ನೋಡು, ಆ ಇಂಪನಂಗೆ ಮಾತ್ರ ಹೇಳ್ಬ್ಯಾಡ. ಭಾವನ ಕಿವೀನೂ ಮೋಡಕ್ಕೆ ಏರಿಸ್ತೀನಿ ಅಂತಾಳೆ ಆಮೇಲೆ."